ಮುಂದಿನ ಚಕ್ರ ಜಾರುವುದಕ್ಕೆ ಟೈರ್ ಒಂದೇ ಕಾರಣವೇ?

ಪ್ರಶ್ನೆ: ಒಂದೂವರೆ ವರ್ಷದಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. 29 ಇಂಚಿನ ಹಾರ್ಡ್‌ಟೇಲ್, ಮುಂದೆ ಮಾತ್ರ ಸಸ್ಪೆನ್ಷನ್ ಇದೆ. ನನ್ನ ತೂಕ 72 ಕೆಜಿ. ಹಿಂದೆ ಮುಂದೆ ಎರಡೂ ಕಡೆ ಬೈಕ್ ಜೊತೆ ಬಂದ 2.25 ಇಂಚಿನ ಟೈರ್, ಒಳಗೆ ಟ್ಯೂಬ್. ಗಾಳಿ 40 ಪಿಎಸ್‌ಐ ಹಾಕುತ್ತೇನೆ. ರಿಮ್‌ನ ಒಳ ಅಗಲ 23 ಮಿ.ಮೀ. ನಾನು ಹೋಗುವ ದಾರಿ ಗಟ್ಟಿ ಮಣ್ಣು, ಮೇಲೆ ಸಣ್ಣ ಕಲ್ಲು ಹರಡಿರುತ್ತದೆ, ಅಲ್ಲಲ್ಲಿ ಮರದ ಬೇರು. ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಇದ್ದಕ್ಕಿದ್ದಂತೆ ಹೊರಗೆ ಜಾರುತ್ತದೆ. ಎರಡು ಸಲ ಬಿದ್ದಿದ್ದೇನೆ, ಎರಡೂ ಸಲ ಬಲಗಡೆ ತಿರುವಿನಲ್ಲೇ. ಒಬ್ಬ ಗೆಳೆಯ 2.6 ಇಂಚಿನ ಅಗಲದ ಟೈರ್ ಹಾಕು ಎನ್ನುತ್ತಾನೆ. ಇನ್ನೊಬ್ಬ ಗಾಳಿಯನ್ನು 15ಕ್ಕೆ ಇಳಿಸು ಎನ್ನುತ್ತಾನೆ. ಮೂರನೆಯವನು ಎರಡೂ ಕಡೆ ಡೌನ್‌ಹಿಲ್ (ಇಳಿಜಾರಿನ ರೇಸಿನ) ಟೈರ್ ಹಾಕಿದರೆ ತಲೆನೋವೇ ಇರಲ್ಲ ಅಂದ. ಯಾರ ಮಾತು ಕೇಳಲಿ? ದೊಡ್ಡ ಟೈರ್ ಹಾಕಿದರೆ ಏರು ಹತ್ತುವುದು ಕಷ್ಟವಾಗುತ್ತದಾ?

ಉತ್ತರ:

ಎರಡು ಸಲ ಬಿದ್ದ ಮೇಲೆ ಆ ತಿರುವು ಹತ್ತಿರ ಬರುತ್ತಿದ್ದಂತೆ ಬೆರಳು ತಾನಾಗಿಯೇ ಬ್ರೇಕ್ ಮೇಲೆ ಹೋಗುತ್ತದೆ, ಅಲ್ವಾ? ಹಿಂದಿನ ಚಕ್ರ ಜಾರಿದರೆ ಒಂದು ಕಾಲು ನೆಲಕ್ಕೆ ಕೊಟ್ಟು ಉಳಿದುಕೊಳ್ಳಬಹುದು. ಸ್ವಲ್ಪ ಅಭ್ಯಾಸವಾದವರಿಗೆ ಅದರಲ್ಲಿ ಮಜಾ ಕೂಡ ಇದೆ. ಮುಂದಿನ ಚಕ್ರ ಹಾಗಲ್ಲ. ಅದು ಜಾರಿದ್ದು ಗೊತ್ತಾಗುವಷ್ಟರಲ್ಲಿ ಭುಜ ನೆಲದಲ್ಲಿರುತ್ತದೆ. ಹಾಗಾಗಿ ನಿಮ್ಮ ಭಯ ಸರಿಯಾದದ್ದೇ.

ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೂರರಲ್ಲೂ ಅರ್ಧರ್ಧ ನಿಜ ಇದೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಎರಡು ಕಡೆ. ಒಂದು, 40 ಪಿಎಸ್‌ಐ. ಇನ್ನೊಂದು, ‘ಎರಡೂ ಸಲ ಬಲಗಡೆ’.

ಮೊದಲು ಗಾಳಿಯ ವಿಷಯ. ನೀವು ಮತ್ತು ಬೈಕ್ ಸೇರಿ ಸುಮಾರು 86 ಕೆಜಿ ಅಂತ ಇಟ್ಟುಕೊಳ್ಳೋಣ. ಸಮ ನೆಲದಲ್ಲಿ ಅದರಲ್ಲಿ ಸುಮಾರು 34 ಕೆಜಿ ಮುಂದಿನ ಚಕ್ರದ ಮೇಲೆ ಬೀಳುತ್ತದೆ. 40 ಪಿಎಸ್‌ಐ ಅಂದರೆ ಒಂದು ಚದರ ಸೆಂ.ಮೀ.ಗೆ ಸುಮಾರು 2.8 ಕೆಜಿ ಒತ್ತಡ. ಭಾಗಿಸಿ ನೋಡಿ, ಟೈರ್ ನೆಲಕ್ಕೆ ತಾಗುವ ಜಾಗ ಬರೀ 12 ಚದರ ಸೆಂ.ಮೀ. ಒಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಗಾಳಿಯನ್ನು 24ಕ್ಕೆ ಇಳಿಸಿದರೆ ಅದೇ ತೂಕಕ್ಕೆ ಸುಮಾರು 20 ಚದರ ಸೆಂ.ಮೀ. ಆಗುತ್ತದೆ. ಇದು ಅಂದಾಜಿನ ಲೆಕ್ಕ. ಟೈರಿನ ಗೋಡೆಯ ಬಿಗಿತವೂ ಒಂದಿಷ್ಟು ಭಾರ ಹೊರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಆದರೂ ವಿಷಯ ಅರ್ಥವಾಯಿತಲ್ಲ.

ಜಾಗ ದೊಡ್ಡದಾಗುವುದು ಒಂದು ಲಾಭ ಅಷ್ಟೇ. ಗಟ್ಟಿಯಾಗಿ ಗಾಳಿ ತುಂಬಿದ ಟೈರ್ ಸಣ್ಣ ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ. ಪುಟಿದಾಗ ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಗಾಳಿ ಕಡಿಮೆ ಇದ್ದರೆ ಅದೇ ಟೈರ್ ಕಲ್ಲನ್ನು ಒಳಗೆ ಎಳೆದುಕೊಂಡು ಅದರ ಸುತ್ತ ಮಡಚಿಕೊಳ್ಳುತ್ತದೆ. ‘ಗಾಳಿ ಗಟ್ಟಿ ಇದ್ದಷ್ಟೂ ಬೈಕ್ ಹಗುರವಾಗಿ ಓಡುತ್ತದೆ’ ಅನ್ನುವ ನಂಬಿಕೆ ಬಂದಿದ್ದು ನುಣುಪಾದ ರಸ್ತೆಯಿಂದ. ಒರಟು ಮಣ್ಣಿನಲ್ಲಿ ಗಟ್ಟಿ ಟೈರ್ ನಿಮ್ಮನ್ನೂ ಬೈಕನ್ನೂ ಪ್ರತಿ ಕಲ್ಲಿಗೆ ಮೇಲೆತ್ತಿ ಹಾಕುತ್ತದೆ. ಆ ಶಕ್ತಿಯೆಲ್ಲ ನಿಮ್ಮ ಕಾಲಿನಿಂದಲೇ ಹೋಗಬೇಕು.

ಹಾಗಾದರೆ 15 ಪಿಎಸ್‌ಐ? ಟ್ಯೂಬ್ ಇರುವ ಟೈರಿಗೆ ಬೇಡವೇ ಬೇಡ. ಒಂದು ಬೇರಿಗೆ ಸ್ವಲ್ಪ ಜೋರಾಗಿ ಗುದ್ದಿದರೆ ಸಾಕು, ಬೇರಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ರಿಮ್ ಅಂಚು ಬಗ್ಗಬಹುದು. ತಿರುವಿನಲ್ಲಿ ಇನ್ನೂ ಒಂದು ಕಾಟ. ಗಾಳಿ ತೀರಾ ಕಡಿಮೆ ಆದಾಗ ಟೈರಿನ ಗೋಡೆಯೇ ಒಂದು ಕಡೆಗೆ ಮಗುಚುತ್ತದೆ. ಹ್ಯಾಂಡಲ್ ಒಂದು ಕಡೆ ಹೇಳುತ್ತದೆ, ಟೈರ್ ಅರ್ಧ ಕ್ಷಣ ತಡವಾಗಿ ಕೇಳುತ್ತದೆ. ಇದನ್ನು ಬಹಳ ಜನ ‘ಟೈರ್ ಜಾರಿತು’ ಅಂದುಕೊಂಡು ಗಾಳಿಯನ್ನು ಮತ್ತೂ ಕಡಿಮೆ ಮಾಡುತ್ತಾರೆ.

ನಿಮ್ಮ ತೂಕಕ್ಕೆ, ಟ್ಯೂಬ್ ಇಟ್ಟುಕೊಂಡು, ಮುಂದೆ 28, ಹಿಂದೆ 30ರಿಂದ ಶುರು ಮಾಡಿ. ಒಂದೇ ತಿರುವನ್ನು ಒಂದೇ ವೇಗದಲ್ಲಿ ನಾಲ್ಕೈದು ಸಲ ಹೋಗಿ. ಪ್ರತಿ ಸಲ ಒಂದೊಂದು ಪಿಎಸ್‌ಐ ಇಳಿಸಿ. ಟೈರ್ ಮಗುಚಿದ ಹಾಗೆ ಅನಿಸಿದರೆ ಅಥವಾ ರಿಮ್‌ಗೆ ಟಣ್ ಅಂತ ಏಟು ಬಿದ್ದರೆ ಅಲ್ಲಿಂದ ಎರಡು ಮೇಲೆ ಬನ್ನಿ. ಅದೇ ನಿಮ್ಮ ನಂಬರ್. ಪಂಪ್‌ನ ಗಡಿಯಾರ ನಂಬಬೇಡಿ. ಕಡಿಮೆ ಒತ್ತಡದಲ್ಲಿ ಅವು ಎರಡು ಮೂರು ಪಿಎಸ್‌ಐ ಆಚೀಚೆ ತೋರಿಸುವುದು ಮಾಮೂಲು. ಒಂದು ಚಿಕ್ಕ ಡಿಜಿಟಲ್ ಗೇಜ್ ಇಟ್ಟುಕೊಂಡು ಯಾವಾಗಲೂ ಅದರಲ್ಲೇ ಅಳೆಯಿರಿ. ಅದು ತಪ್ಪು ತೋರಿಸಿದರೂ ಪರವಾಗಿಲ್ಲ, ಪ್ರತಿ ಸಲವೂ ಅಷ್ಟೇ ತಪ್ಪು ತೋರಿಸಿದರೆ ಸಾಕು. ಬೆಳಗಿನ ಚಳಿಯಲ್ಲಿ ಅಳೆದದ್ದು ಮಧ್ಯಾಹ್ನ 10 ಡಿಗ್ರಿ ಬಿಸಿ ಏರಿದಾಗ ಒಂದಕ್ಕಿಂತ ತುಸು ಜಾಸ್ತಿ ಪಿಎಸ್‌ಐ ಮೇಲೆ ಹೋಗಿರುತ್ತದೆ, ಅದೂ ನೆನಪಿರಲಿ.

ಇನ್ನು ಆ ಬಲಗಡೆ ತಿರುವು. ತಪ್ಪು ಟೈರಿನದು ಮಾತ್ರ ಆಗಿದ್ದರೆ ಎಡಕ್ಕೂ ಬಲಕ್ಕೂ ಒಂದೇ ಥರ ಜಾರಬೇಕಿತ್ತು. ಎರಡು ಸಲ ಬಿದ್ದಿದ್ದರಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು, ಆದರೂ ಸುಳಿವು ಸುಳಿವೇ.

ಬೈಕ್ ರಿಪೇರಿ ಮಾಡುವುದರ ಜೊತೆಗೆ ಹೊಸಬರಿಗೆ ಓಡಿಸುವುದನ್ನೂ ಹೇಳಿಕೊಡುತ್ತೇನೆ. ಒಮ್ಮೆ ಒಬ್ಬರು ‘ಈ ಟೈರ್ ಸರಿಯಿಲ್ಲ, ತಿರುವಲ್ಲಿ ಹಿಡಿಯುವುದೇ ಇಲ್ಲ’ ಎಂದು ಮುಂದಿನ ಚಕ್ರವನ್ನು ಬಿಚ್ಚಿಕೊಂಡೇ ಬಂದರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ನಡುವಿನ ಬಟನ್‌ಗಳು (ಟೈರಿನ ಮೈ ಮೇಲೆ ಎದ್ದು ನಿಂತ ರಬ್ಬರ್ ಉಬ್ಬುಗಳು) ಚೆನ್ನಾಗಿ ಸವೆದು ಮೂಲೆ ದುಂಡಗಾಗಿದ್ದವು. ಅಂಚಿನ ಬಟನ್‌ಗಳ ಮೇಲೆ ಮಾತ್ರ ಕಾರ್ಖಾನೆಯ ಅಚ್ಚಿನಿಂದ ಬಂದ ರಬ್ಬರ್ ಕೂದಲು ಹಾಗೇ ನಿಂತಿತ್ತು! ಆರು ತಿಂಗಳು ಓಡಿಸಿದ ಟೈರ್ ಅದು. ಅಂಚಿನ ಬಟನ್ ಒಂದು ದಿನವೂ ನೆಲ ಮುಟ್ಟಿರಲಿಲ್ಲ. ಅವರು ತಿರುವಿನಲ್ಲಿ ಬೈಕ್ ಬಾಗಿಸುತ್ತಲೇ ಇರಲಿಲ್ಲ, ಹ್ಯಾಂಡಲ್ ಮಾತ್ರ ತಿರುಗಿಸುತ್ತಿದ್ದರು.

ಇಲ್ಲಿ ಟೈರಿನ ಮೈ ಹೇಗಿದೆ ಅಂತ ಸ್ವಲ್ಪ ನೋಡೋಣ. ನಡುವಿನ ಸಾಲು ನೇರ ಓಡುವುದಕ್ಕೆ, ಬ್ರೇಕಿಗೆ, ಏರಿಗೆ. ಅಂಚಿನ ಸಾಲು ತಿರುವಿಗೆ. ಎರಡರ ನಡುವೆ ಕೆಲವು ಟೈರಿನಲ್ಲಿ ಖಾಲಿ ಕಾಲುವೆ ಇರುತ್ತದೆ, ಕೆಲವದರಲ್ಲಿ ಇನ್ನೊಂದು ಸಾಲು ಬಟನ್ ಇರುತ್ತದೆ. ಕಾಲುವೆ ಇರುವ ಟೈರಿನಲ್ಲಿ ಬೈಕನ್ನು ಪೂರ್ತಿ ಬಾಗಿಸಿದರೆ ಅಂಚಿನ ಸಾಲು ಚಾಕುವಿನ ಹಾಗೆ ಮಣ್ಣಿಗೆ ಇಳಿಯುತ್ತದೆ. ಅರ್ಧ ಬಾಗಿಸಿ ಅನುಮಾನಿಸುತ್ತಾ ನಿಂತರೆ ಆ ಕಾಲುವೆಯ ಮೇಲೆಯೇ ನಿಂತ ಹಾಗೆ. ಅಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ. ‘ಇದ್ದಕ್ಕಿದ್ದಂತೆ’ ಜಾರಿತು ಅಂತ ಬರೆದಿದ್ದೀರಲ್ಲ, ಎಷ್ಟೋ ಸಲ ಆ ಮಾತಿನ ಅರ್ಥ ಇದೇ ಆಗಿರುತ್ತದೆ.

ಮ್ಯಾಕ್ಸಿಸ್ ಕಂಪನಿಯ ಮಿನಿಯನ್ ಡಿಎಚ್‌ಎಫ್ ಕಾಲುವೆ ಇರುವ ಜಾತಿ. ಬಹಳ ಹೆಸರುವಾಸಿ, ಆದರೆ ಧೈರ್ಯವಾಗಿ ಬಾಗಿಸುವವರಿಗೆ ಮಾತ್ರ ಪೂರ್ತಿ ಒಲಿಯುತ್ತದೆ. ಅದೇ ಕಂಪನಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಗ್ರೆಗ್ ಮಿನ್ನಾರ್ ಜೊತೆ ಸೇರಿ ಮಾಡಿದ ಅಸೆಗಾಯ್‌ನಲ್ಲಿ ಆ ಕಾಲುವೆಯಲ್ಲೂ ಬಟನ್ ಇಟ್ಟಿದ್ದಾರೆ. (ಅಸೆಗಾಯ್ ಅಂದರೆ ಆಫ್ರಿಕಾದ ದಕ್ಷಿಣ ಭಾಗದ ಒಂದು ಈಟಿ. ಮಿನ್ನಾರ್ ಆ ಕಡೆಯವರು.) ಅದು ಸ್ವಲ್ಪ ಭಾರವಾಗಿ ಓಡುತ್ತದೆ, ಆದರೆ ಬಾಗಿಸುವ ದಾರಿಯುದ್ದಕ್ಕೂ ಹಿಡಿತ ಒಂದೇ ಸಮ ಇರುತ್ತದೆ. ಅರ್ಧ ಬಾಗಿಸಿದವರನ್ನೂ ಕೈಬಿಡುವುದಿಲ್ಲ. ಈ ಎರಡನ್ನು ಉದಾಹರಣೆಗೆ ಹೇಳಿದೆ ಅಷ್ಟೇ. ಬೇರೆ ಕಂಪನಿಗಳಲ್ಲೂ ಎರಡೂ ಜಾತಿ ಸಿಗುತ್ತವೆ, ಮೇಲಿನಿಂದ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನೀವು ಯಾವ ಕಡೆ ಎಷ್ಟು ಬಾಗಿಸುತ್ತೀರಿ ಅಂತ ತಿಳಿಯಲು ಒಂದು ಸೀಮೆಸುಣ್ಣ ಸಾಕು. ಒಣ ದಿನ ನೋಡಿ, ಮುಂದಿನ ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಐದಾರು ಕಡೆ ದಪ್ಪಗೆ ಗೆರೆ ಎಳೆಯಿರಿ. ನಿಮಗೆ ಭಯವಿಲ್ಲದ ಒಂದು ಎಡ ತಿರುವು, ಒಂದು ಬಲ ತಿರುವು ಹೋಗಿ ಇಳಿದು ನೋಡಿ. ಸುಣ್ಣ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ಕೆಲಸ ಮಾಡಿದೆ. ಎಡಗಡೆ ಅಂಚಿನವರೆಗೂ ಅಳಿಸಿ, ಬಲಗಡೆ ಗೆರೆ ಹಾಗೇ ಉಳಿದಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹಾಗೆ ಆಗುವುದು ತೀರಾ ಸಾಮಾನ್ಯ. ಪೆಡಲ್ ಮೇಲೆ ನಿಂತಾಗ ಪ್ರತಿಯೊಬ್ಬರಿಗೂ ಮುಂದಿಡುವ ರೂಢಿಯ ಕಾಲು ಒಂದಿರುತ್ತದೆ. ಹಾಗಾಗಿ ಒಂದು ಕಡೆ ತಿರುವು ಸಲೀಸು, ಇನ್ನೊಂದು ಕಡೆ ಮೈ ಒಪ್ಪುವುದಿಲ್ಲ. ಬಲ ತಿರುವಿನಲ್ಲಿ ಎಡಗಾಲು ಕೆಳಗಿರಬೇಕು, ತೂಕ ಅದರ ಮೇಲಿರಬೇಕು. ಮೈ ಆದಷ್ಟು ನೆಟ್ಟಗಿರಲಿ, ಬೈಕ್ ಮಾತ್ರ ಕೆಳಗೆ ಬಾಗಲಿ.

ಹೆದರಿದವರು ಇದಕ್ಕೆ ಉಲ್ಟಾ ಮಾಡುತ್ತಾರೆ. ಮೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಗ ಮುಂದಿನ ಚಕ್ರದ ಮೇಲಿನ ತೂಕ ಇಳಿದು, ಹಿಡಿತ ಬೇಕಾದ ಜಾಗದಲ್ಲೇ ಹಿಡಿತ ಕಡಿಮೆಯಾಗುತ್ತದೆ. ಅದರ ಮೇಲೆ ತಿರುವಿನ ನಡುವೆ ಬ್ರೇಕ್ ಬೇರೆ. ಟೈರಿನ ಹಿಡಿತ ಜೇಬಿನಲ್ಲಿರುವ ದುಡ್ಡಿನ ಹಾಗೆ. ಬ್ರೇಕಿಗೆ ಖರ್ಚು ಮಾಡಿದ್ದು ತಿರುವಿಗೆ ಉಳಿಯುವುದಿಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಂಡು, ಒಳಗೆ ಹೋದ ಮೇಲೆ ಬ್ರೇಕ್ ಬಿಡಬೇಕು. ಹೇಳುವುದು ಸುಲಭ, ನನಗೇ ಇದು ಮೈಗೆ ಹತ್ತಲು ವರ್ಷಗಳು ಹಿಡಿದವು.

ಸರಿ, ಗಾಳಿ ಇಳಿಸಿದಿರಿ, ಬಾಗಿಸಿದಿರಿ, ಆದರೂ ಜಾರುತ್ತಿದೆ ಅಂದುಕೊಳ್ಳಿ. ಆಗ ಟೈರ್ ಬದಲಿಸುವ ಮಾತು.

ನಿಮ್ಮ ನೆಲ ನಿಜಕ್ಕೂ ಕಷ್ಟದ್ದು. ಸಿಮೆಂಟ್ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ಕೆಳಗಿನ ಮಣ್ಣು ಗಟ್ಟಿ, ಬಟನ್ ಒಳಗೆ ಇಳಿಯುವುದಿಲ್ಲ. ಮೇಲಿನ ಕಲ್ಲು ಸಡಿಲ, ನಿಲ್ಲುವುದಿಲ್ಲ. ಕೆಸರಿಗೆಂದು ಮಾಡಿದ ಉದ್ದನೆಯ, ದೂರ ದೂರದ ಬಟನ್ ಇಲ್ಲಿ ಸೋಲುತ್ತದೆ. ಇಳಿಯಲು ಮೆತ್ತನೆ ಮಣ್ಣು ಸಿಗದೆ ಅವು ಗಟ್ಟಿ ನೆಲದ ಮೇಲೆ ಬಗ್ಗಿ ಬಗ್ಗಿ ಅಲುಗಾಡುತ್ತವೆ. ಒಣ ಗಟ್ಟಿ ನೆಲಕ್ಕೆಂದು ಮಾಡಿದ ಚಿಕ್ಕ, ಒತ್ತೊತ್ತಾದ ಬಟನ್ ಕೂಡ ಸೋಲುತ್ತದೆ, ಕಲ್ಲು ಪಕ್ಕಕ್ಕೆ ಸರಿಯಲು ಅದರಲ್ಲಿ ಸಂದು ಇಲ್ಲ. ನಿಮಗೆ ಬೇಕಾದ್ದು ನಡುವಿನದು. ಮಧ್ಯಮ ಎತ್ತರ, ಕಲ್ಲು ಸರಿಯುವಷ್ಟು ಸಂದು, ಮೂಲೆ ಚೂಪಾಗಿರುವ ನಡುಬಟನ್, ಬುಡ ದಪ್ಪಗಿರುವ ಅಂಚಿನ ಬಟನ್. ಅಂಗಡಿಯಲ್ಲಿ ಅಂಚಿನ ಬಟನ್ ಒಂದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ಸುಲಭವಾಗಿ ಮಲಗಿದರೆ ಗಟ್ಟಿ ನೆಲದ ತಿರುವಿನಲ್ಲೂ ಮಲಗುತ್ತದೆ.

ಬಟನ್ ಆಕಾರದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ. ಕಾಣದೇ ಇರುವ ಎರಡು ಸಂಗತಿ ನನ್ನ ಪ್ರಕಾರ ಅಷ್ಟೇ ಮುಖ್ಯ, ಕೆಲವು ಸಲ ಇನ್ನೂ ಜಾಸ್ತಿ.

ಒಂದು, ರಬ್ಬರ್ ಎಷ್ಟು ಮೆತ್ತಗಿದೆ ಅನ್ನುವುದು. ಇದನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಸುಮಾರು 60 ಇದ್ದರೆ ಗಟ್ಟಿ, 50ರ ಆಸುಪಾಸು ಮಧ್ಯಮ, 42ರ ಹತ್ತಿರ ಬಂದರೆ ಡೌನ್‌ಹಿಲ್ ರೇಸಿನವರು ಬಳಸುವ ಅಂಟು ರಬ್ಬರ್. ಮೆತ್ತನೆ ರಬ್ಬರನ್ನು ಉಗುರಿನಿಂದ ಒತ್ತಿ ಬಿಟ್ಟರೆ ಗುರುತು ನಿಧಾನವಾಗಿ ಮಾಯವಾಗುತ್ತದೆ. ಆ ನಿಧಾನವೇ ಅದರ ಗುಣ. ಕಲ್ಲಿನ ಉಬ್ಬು ತಗ್ಗಿಗೆ ಒತ್ತಿಕೊಂಡ ರಬ್ಬರ್ ತಕ್ಷಣ ಚಿಮ್ಮದೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಒದ್ದೆ ಬೇರು, ನುಣುಪು ಬಂಡೆ ಮೇಲೆ ಬಟನ್ ಆಕಾರ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಕಾಪಾಡುವುದು ಈ ರಬ್ಬರ್. ನಷ್ಟವೂ ಇದೆ. ಬೇಗ ಸವೆಯುತ್ತದೆ, ಎಳೆತ ಜಾಸ್ತಿ. ಎಷ್ಟೋ ಮಾದರಿಗಳು ಒಂದೇ ಹೆಸರಿನಲ್ಲಿ, ಒಂದೇ ಬಟನ್ ಆಕಾರದಲ್ಲಿ, ಬೇರೆ ಬೇರೆ ರಬ್ಬರ್‌ನಲ್ಲಿ ಬರುತ್ತವೆ. ಹೆಸರು ನೋಡಿ ತಂದು ‘ಎಲ್ಲರೂ ಹೊಗಳಿದ್ದು ಸುಳ್ಳು’ ಅನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಅದರ ಗಟ್ಟಿ ರಬ್ಬರಿನ ಅಗ್ಗದ ಮಾದರಿ ಇರುತ್ತದೆ. ಬೈಕ್ ಜೊತೆ ಬರುವ ಟೈರ್‌ಗಳೂ ಎಷ್ಟೋ ಸಲ ಇದೇ ಗಟ್ಟಿ ಜಾತಿ. ನಿಮ್ಮದೂ ಹಾಗೇ ಇರಬಹುದು, ಉಗುರಿನಿಂದ ಒತ್ತಿ ನೋಡಿ.

ಎರಡನೆಯದು ಕೇಸಿಂಗ್, ಅಂದರೆ ರಬ್ಬರಿನ ಕೆಳಗಿರುವ ನೂಲಿನ ಬಟ್ಟೆ. ತೆಳು ಗೋಡೆಯ ಟೈರ್ ಹಗುರ, ನೆಲಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಗಾಳಿ ಇಳಿಸಿದರೆ ಮಗುಚುತ್ತದೆ, ಕಲ್ಲಿಗೆ ಬೇಗ ಹರಿಯುತ್ತದೆ. ದಪ್ಪ ಗೋಡೆ ಭಾರ, ಆದರೆ ಕಡಿಮೆ ಗಾಳಿಯಲ್ಲೂ ನಿಲ್ಲುತ್ತದೆ. ಹಾಗಾಗಿ ‘ಇಷ್ಟು ಪಿಎಸ್‌ಐ ಸರಿ’ ಅಂತ ಯಾರಾದರೂ ಹೇಳಿದರೆ ಯಾವ ಕೇಸಿಂಗ್‌ಗೆ ಅಂತ ಕೇಳಬೇಕು. ನಿಮಗೆ ಮಧ್ಯಮ ಸಾಕು.

ಅಗಲದ ವಿಷಯ. ಅಗಲವಾದ ಟೈರಿನ ನಿಜವಾದ ಲಾಭ ಏನೆಂದರೆ, ರಿಮ್ ಗುದ್ದದೆ ಗಾಳಿ ಇನ್ನಷ್ಟು ಇಳಿಸಬಹುದು. 2.6 ಹಾಕಿ ಮತ್ತೆ 40 ತುಂಬಿದರೆ ಏನು ಬಂತು? ಜೊತೆಗೆ ನಿಮ್ಮ ರಿಮ್ 23 ಮಿ.ಮೀ. ಕಿರಿದಾದ ರಿಮ್ ಮೇಲೆ 2.6 ಕೂರಿಸಿದರೆ ಟೈರ್ ಬಲ್ಬಿನ ಆಕಾರಕ್ಕೆ ಬರುತ್ತದೆ. ಬುಡ ಚಿಕ್ಕದು, ತಲೆ ದೊಡ್ಡದು. ತಿರುವಿನಲ್ಲಿ ತಲೆ ಆಚೀಚೆ ಓಲಾಡುತ್ತದೆ. 2.6ಕ್ಕೆ 30 ಮಿ.ಮೀ. ಆಸುಪಾಸಿನ ರಿಮ್ ಚೆನ್ನ. ನಿಮ್ಮ ರಿಮ್‌ಗೆ 2.35 ಅಥವಾ 2.4ಕ್ಕೆ ನಿಲ್ಲಿಸಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನಲ್ಲಿ ಜಾಗ ಇದೆಯಾ ಅಂತಲೂ ಮೊದಲು ನೋಡಿಕೊಳ್ಳಿ.

ಡೌನ್‌ಹಿಲ್ ಟೈರ್ ಎರಡೂ ಕಡೆ? ಒಂದೊಂದೂ ಒಂದು ಕೆಜಿಗಿಂತ ಜಾಸ್ತಿ ತೂಗುತ್ತದೆ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಕೆಳಗೆ ಮಾತ್ರ ಓಡಿಸುವವರಿಗೆ ಅದು. ನಿಮಗೆ ಸುಮ್ನೆ ಹೊರೆ.

ನಾನಾಗಿದ್ದರೆ ಮುಂದಿನದು ಒಂದನ್ನೇ ಬದಲಿಸುತ್ತಿದ್ದೆ. 2.4 ಅಗಲ, ಮೆತ್ತನೆ ರಬ್ಬರ್, ಮಧ್ಯಮ ಕೇಸಿಂಗ್, ನಡುವೆ ಕಾಲುವೆ ಇಲ್ಲದ ಜಾತಿ. ಹಿಂದೆ ಈಗಿರುವುದೇ ಇರಲಿ. ಹಿಂದೆ ಮುಂದೆ ಒಂದೇ ಟೈರ್ ಇರಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮುಂದಿನದಕ್ಕಿಂತ ಹಿಂದಿನದು ಕಡಿಮೆ ಹಿಡಿಯುವುದೇ ಕ್ಷೇಮ, ಏಕೆಂದರೆ ಆಗ ಮೊದಲು ಜಾರುವುದು ಹಿಂದಿನದು, ನಿಮಗೆ ಎಚ್ಚರಿಕೆ ಸಿಗುತ್ತದೆ. ಇದರ ಉಲ್ಟಾ ಮಾಡುವವರನ್ನು ನೋಡಿದ್ದೇನೆ. ಹಿಂದಿನದು ಸವೆಯಿತು ಅಂತ ಹಿಂದೆ ಹೊಸ ದೊಡ್ಡ ಟೈರ್ ಹಾಕಿ, ಮುಂದೆ ಮೂರು ವರ್ಷದ ಒಣಗಿದ ಟೈರ್ ಇಟ್ಟುಕೊಂಡಿರುತ್ತಾರೆ. ಹಾಗೆ ಮಾಡಬೇಡಿ. ಹೊಸದು ಮುಂದೆ, ಮುಂದಿನದು ಹಿಂದೆ.

ಏರಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಿಮ್ಮ ತೂಕದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲಿರುತ್ತದೆ, ಏರಿನಲ್ಲಂತೂ ಇನ್ನೂ ಜಾಸ್ತಿ. ಟೈರಿನ ಎಳೆತ ಕಾಲಿಗೆ ಗೊತ್ತಾಗುವುದು ಬಹುಪಾಲು ಅಲ್ಲಿಂದಲೇ. ಮುಂದೆ ಮೆತ್ತನೆಯದು ಹಾಕಿದರೆ ಅಷ್ಟೇನೂ ತಿಳಿಯುವುದಿಲ್ಲ. ಹಿಂದೆಯೂ ಅದನ್ನೇ ಹಾಕಿದರೆ ತಿಳಿಯುತ್ತದೆ, ಬೇಗ ಸವೆಯುತ್ತದೆ ಕೂಡ.

ಟ್ಯೂಬ್‌ಲೆಸ್ ಮಾಡಿಸುವುದು ಒಳ್ಳೆಯ ಹೆಜ್ಜೆ. ಟ್ಯೂಬ್ ಸಿಕ್ಕಿ ತೂತಾಗುವ ಭಯ ಇರುವುದಿಲ್ಲ, ನಿಮ್ಮ ತೂಕಕ್ಕೆ 2.4ರಲ್ಲಿ ಮುಂದೆ 21ರಿಂದ 23, ಹಿಂದೆ 24ರಿಂದ 26ಕ್ಕೆ ಬರಬಹುದು. ಆದರೆ ರಿಮ್ ಮತ್ತು ಟೈರ್ ಎರಡೂ ಟ್ಯೂಬ್‌ಲೆಸ್‌ಗೆ ಮಾಡಿದ್ದೇ ಆಗಿರಬೇಕು. ರಿಮ್ ಒಳಗಿನ ಟೇಪ್ ಸರಿಯಾಗಿ ಕೂತಿರಬೇಕು. ಟೈರ್ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಒಣಗುತ್ತಾ ಹೋಗುತ್ತದೆ, ಕೆಲವು ತಿಂಗಳಿಗೊಮ್ಮೆ ನೋಡಿ ಮತ್ತೆ ಹಾಕಬೇಕು. ಗಾಳಿ ತೀರಾ ಇಳಿಸಿದರೆ ಜೋರು ತಿರುವಿನಲ್ಲಿ ಟೈರ್ ಅಂಚು ರಿಮ್ ಬಿಟ್ಟು ಬುಸ್ ಅಂತ ಗಾಳಿ ಉಗುಳುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ತಾಳ್ಮೆ ಇಲ್ಲದಿದ್ದರೆ ಟ್ಯೂಬ್‌ನಲ್ಲೇ ಇರಿ, ತಪ್ಪೇನಿಲ್ಲ.

ದುಡ್ಡು ಖರ್ಚು ಮಾಡುವ ಮುಂಚೆ ಈಗಿನ ಟೈರಿನ ಬಲ ಅಂಚನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಟನ್ ಬುಡದಲ್ಲಿ ಸೀಳು ಬಿಟ್ಟಿದ್ದರೆ ಸುಣ್ಣದ ಪರೀಕ್ಷೆಯೂ ಬೇಡ, ಆ ಟೈರಿನ ಆಯುಸ್ಸು ಮುಗಿದಿದೆ. ಹೊಸದನ್ನು ಹಾಕುವಾಗ ಗೋಡೆಯ ಮೇಲಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇರಲಿ. ಹಾಕಿದ ದಿನವೇ ಆ ಬಲ ತಿರುವಿಗೆ ಹೋಗಬೇಡಿ. ಹೊಸ ಟೈರಿನ ಮೈ ಮೇಲೆ ಅಚ್ಚಿನ ನುಣುಪು ಇರುತ್ತದೆ, ಅದು ಹೋಗಲು ಒಂದಿಷ್ಟು ದೂರ ಓಡಬೇಕು. ಸಮ ನೆಲದಲ್ಲಿ ಬಲಕ್ಕೆ ಬಲಕ್ಕೆ ಸುತ್ತು ಹಾಕುತ್ತಾ, ಎಡಗಾಲು ಕೆಳಗಿಟ್ಟು, ಅಂಚಿನ ರಬ್ಬರ್ ಕೂದಲು ಉದುರುವವರೆಗೆ ಬಾಗಿಸಿ. ಆಮೇಲೆ ಇಳಿಜಾರಿಗೆ ಹೋಗಿ.